ಬೆಂದ್ರು ತೀರ್ಥದ ಬಿಸಿನೀರಿನಿಂದ ಕರೆಂಟ್ ಬರುತ್ತಾ?

ಪುತ್ತೂರಿನ ಬೆಂದ್ರು ತೀರ್ಥದ ಬಿಸಿನೀರಿನಿಂದ ಐಸ್‌ಲ್ಯಾಂಡಿನವರ ಹಾಗೆ ಕರೆಂಟ್ ಯಾಕೆ ತೆಗೆಯಬಾರದು ಅಂತ ಕೇಳಿದ್ದೀರಿ. ಕಷ್ಟ. ಆ ನೀರು ಸ್ನಾನಕ್ಕೆ ಹಿತವಾಗುವಷ್ಟು ಬೆಚ್ಚಗಿದೆ, ಅಷ್ಟೇ. ಅಲಾಸ್ಕಾದ ಚೇನಾ ಎಂಬ ಬಿಸಿನೀರ ಬುಗ್ಗೆಯಲ್ಲಿ 2006ರಲ್ಲೇ ಸುಮಾರು 74 ಡಿಗ್ರಿ ನೀರಿನಿಂದ ಕರೆಂಟ್ ತೆಗೆದು ತೋರಿಸಿದ್ದು ನಿಜ, ಆದರೆ ಅಲ್ಲಿ ಟರ್ಬೈನ್ ತಿರುಗಿಸುವುದು ನೀರಿನ ಆವಿ ಅಲ್ಲ, ಆ ಬಿಸಿಗೆ ಬೇಗ ಕುದಿಯುವ ಬೇರೆ ದ್ರವದ ಆವಿ, ಮತ್ತೆ ಅದನ್ನು ತಣಿಸಿ ಪುನಃ ದ್ರವ ಮಾಡಲು ಅಲಾಸ್ಕಾದ ಚಳಿ ಪುಕ್ಕಟೆ! ಐಸ್‌ಲ್ಯಾಂಡಲ್ಲೂ ಕರೆಂಟಿನ ದೊಡ್ಡ ಪಾಲು ಜಲವಿದ್ಯುತ್ತೇ. ನೆಲದ ಬಿಸಿ ಅವರಿಗೆ ಜಾಸ್ತಿ ಬೇಕಾಗುವುದು ಮನೆ ಬೆಚ್ಚಗಿಡಲು, ಹತ್ತರಲ್ಲಿ ಒಂಬತ್ತು ಮನೆಗೆ ಅದೇ. ಪುತ್ತೂರಿನ ಸೆಕೆಯಲ್ಲಿ ಅದು ಯಾರಿಗೆ ಬೇಕು, ಅಲ್ವಾ? ನಮ್ಮ ದೇಶದಲ್ಲಿ ಆಸೆ ಇಡಬಹುದಾದ ಜಾಗ ಲಡಾಖಿನ ಪುಗಾ ಕಣಿವೆ. ಅಲ್ಲಿ ಕುದಿನೀರೂ ಇದೆ, ಚಳಿಯೂ ಇದೆ.