ಕೆಂಪು ಆಯಿಲ್ ದೀಪ: ಓದುಗರ ಪ್ರಶ್ನೆಗಳಿಗೆ ಉತ್ತರ

ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಎಣ್ಣೆ ಹೂಜಿಯ ಕೆಂಪು ಚಿತ್ರದ ಬಗ್ಗೆ ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ ಹಲವು ಓದುಗರು ಬರೆದಿದ್ದಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ (ಬದಿಯಡ್ಕ): ನನ್ನದು ಹಳೆಯ ಪೆಟ್ರೋಲ್ ಕಾರು. ಚೆರ್ಕಳದಿಂದ ಬರುವಾಗ ಕೆಂಪು ಆಯಿಲ್ ದೀಪ ಉರಿಯಿತು. ಮನೆ ಹತ್ತಿರ ಬಂದಿದ್ದ ಕಾರಣ ನಿಲ್ಲಿಸದೆ ಬಂದುಬಿಟ್ಟೆ. ಮರುದಿನ ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು ನೋಡಿದರೆ ಎಣ್ಣೆ ತಾಗಿಯೇ ಇರಲಿಲ್ಲ. ಒಂದೂವರೆ ಲೀಟರ್ ಹಾಕಿದ ಮೇಲೆ ದೀಪ ಆರಿದೆ. ಇನ್ನು ಹೆದರಬೇಕಾಗಿಲ್ಲ ತಾನೇ?

ಉತ್ತರ: ದೀಪ ಆರಿದ್ದು ಒಳ್ಳೆಯದೇ. ಆದರೆ ಎರಡು ವಿಷಯ ಬಾಕಿ ಉಂಟು: ಆ ಎಣ್ಣೆ ಎಲ್ಲಿಗೆ ಹೋಯಿತು, ಮತ್ತು ಎಣ್ಣೆಯಿಲ್ಲದೆ ಓಡಿದ ಆ ದಾರಿಯಲ್ಲಿ ಬೇರಿಂಗುಗಳಿಗೆ ಏನಾಯಿತು.

ಕೆಂಪು ದೀಪ ಅಳೆಯುವುದು ಎಣ್ಣೆಯ ಒತ್ತಡವನ್ನು. ಎಂಜಿನ್ನಿನ ತಳದ ಎಣ್ಣೆ ತೊಟ್ಟಿ, ಅಂದರೆ ಚೇಂಬರಿನಲ್ಲಿರುವ ಎಣ್ಣೆಯನ್ನು ಪಂಪು ಒಂದು ಜಾಲರಿಯ ಮೂಲಕ ಎಳೆದು, ಫಿಲ್ಟರ್ ದಾಟಿಸಿ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡದ ಬೇರಿಂಗುಗಳಿಗೂ ವಾಲ್ವುಗಳನ್ನು ತೆರೆಯುವ ಮೇಲಿನ ಕ್ಯಾಮಿಗೂ ಒತ್ತಿ ಕಳಿಸುತ್ತದೆ. ಆ ಒತ್ತಡ ಇರುವಷ್ಟು ಹೊತ್ತು ಕ್ರ್ಯಾಂಕು ಎಣ್ಣೆಯ ತೆಳು ಪದರದ ಮೇಲೆ ತಿರುಗುತ್ತದೆ, ಲೋಹಕ್ಕೆ ಲೋಹ ತಾಗುವುದಿಲ್ಲ. ದಾರಿಯಲ್ಲಿ ಕೂತಿರುವ ಪ್ರೆಶರ್ ಸ್ವಿಚ್ಚಿನೊಳಗೆ ಒಂದು ಪೊರೆ, ಒಂದು ಸ್ಪ್ರಿಂಗ್. ಹೆಚ್ಚಿನ ಕಾರುಗಳಲ್ಲಿ ಒತ್ತಡ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗಿಳಿದಾಗ ಮಾತ್ರ ಅದು ದೀಪ ಹೊತ್ತಿಸುತ್ತದೆ. ಬಿಸಿ ಎಂಜಿನ್ ರಸ್ತೆಯ ವೇಗದಲ್ಲಿ ಓಡುವಾಗ ಸಾಮಾನ್ಯವಾಗಿ 2ರಿಂದ 4 ಬಾರ್ ಇರುತ್ತದೆ. ಅಂದರೆ ದೀಪ ಕಾಣುವ ಹೊತ್ತಿಗೆ ಒತ್ತಡ ಹೆಚ್ಚುಕಡಿಮೆ ಮುಗಿದೇ ಹೋಗಿರುತ್ತದೆ. ಎಣ್ಣೆ ಅರ್ಧ ಲೀಟರ್ ಕಡಿಮೆಯಾದಾಗ ಅದು ನಿಮ್ಮನ್ನು ಎಚ್ಚರಿಸುವುದೇ ಇಲ್ಲ. ಪಂಪು ಎಣ್ಣೆಯ ಬದಲು ಗಾಳಿ ಎಳೆಯತೊಡಗಿದ ಮೇಲೆ ಉರಿಯುತ್ತದೆ. (ಕೆಲವು ಕಾರುಗಳಲ್ಲಿ ಹಳದಿ ಬಣ್ಣದ ಬೇರೆ ದೀಪ ಇರುತ್ತದೆ. ಅದು ಮಟ್ಟ ತಿಳಿಸುವುದು. ಅದಕ್ಕೆ ಮುಂದಿನ ಪೆಟ್ರೋಲ್ ಪಂಪಿನವರೆಗೆ ಹೋಗಬಹುದು, ಕೆಂಪಿಗೆ ಹೋಗಬಾರದು.)

ಹಾಗಾಗಿ ಇನ್ನೊಮ್ಮೆ ಉರಿದರೆ ಆಕ್ಸಿಲರೇಟರ್ ಬಿಡಿ, ಬದಿಗೆ ಸರಿಸಿ, ಎಂಜಿನ್ ಬಂದ್ ಮಾಡಿ. ಮನೆ ಎದುರಿಗೆ ಕಾಣುತ್ತಿದ್ದರೂ ಸರಿ. ಕಾರು ಪೂರ್ತಿ ನಿಲ್ಲುವವರೆಗೆ ಕೀ ಹೊರಗೆ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ಎಂಜಿನ್ ನಿಂತ ಮೇಲೆ ಬ್ರೇಕ್, ಸ್ಟೇರಿಂಗ್ ಎರಡೂ ಗಟ್ಟಿಯಾಗುವುದರಿಂದ ಬಲವಾಗಿ ಒತ್ತಬೇಕು. ಸಮತಟ್ಟಾದ ಜಾಗದಲ್ಲಿ ಐದು ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆಯಿರಿ, ಬಟ್ಟೆಯಲ್ಲಿ ಒರಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆದು ನೋಡಿ. ಮೊದಲ ಸಲ ಎಳೆದಾಗ ಕಾಣುವ ಗುರುತನ್ನು ನಂಬಬೇಡಿ, ಕೊಳವೆಯ ಗೋಡೆಗೆ ಅಂಟಿದ ಎಣ್ಣೆ ಅದಕ್ಕೆ ಬಳಿದಿರುತ್ತದೆ. ಕೆಳಗಿನ ಮತ್ತು ಮೇಲಿನ ಗುರುತುಗಳ ನಡುವಿನ ಅಂತರ ಹೆಚ್ಚಿನ ಕಾರುಗಳಲ್ಲಿ ಒಂದು ಲೀಟರಿನ ಆಸುಪಾಸು. ಒಂದೇ ಸಲ ಸುರಿಯದೆ ಕಾಲು ಕಾಲು ಲೀಟರ್ ಹಾಕಿ ನೋಡುತ್ತಾ ಹೋಗಿ. ಹಾಕಿ ಸ್ಟಾರ್ಟ್ ಮಾಡಿದಾಗ ಮೂರು ನಾಲ್ಕು ಸೆಕೆಂಡಿನೊಳಗೆ ದೀಪ ಆರದಿದ್ದರೆ ಕೂಡಲೇ ಬಂದ್ ಮಾಡಿ ಟೋಯಿಂಗ್ ಗಾಡಿ ಕರೆಸಿ. ಕಡ್ಡಿಯಲ್ಲಿ ಎಣ್ಣೆ ಸರಿಯಾಗಿಯೇ ಇದ್ದು ದೀಪ ಉರಿದಿದ್ದರೂ ಅಷ್ಟೆ, ಓಡಿಸಬಾರದು.

ಈಗ ನಿಮ್ಮ ಕಾರಿನ ಮಾತು. ನಿಲ್ಲಿಸುವ ಜಾಗದಲ್ಲಿ ರಾತ್ರಿ ಒಂದು ರಟ್ಟು ಹಾಸಿ, ಬೆಳಿಗ್ಗೆ ಹನಿ ಬಿದ್ದಿದೆಯೇ ನೋಡಿ. ಸೋರುವ ಜಾಗಗಳು ಹೆಚ್ಚಾಗಿ ಇವು: ಡ್ರೈನ್ ಬೋಲ್ಟಿನ ವಾಶರ್, ಫಿಲ್ಟರಿನ ರಬ್ಬರ್, ವಾಲ್ವ್ ಕವರಿನ ಗ್ಯಾಸ್ಕೆಟ್, ಕ್ರ್ಯಾಂಕ್ ಸೀಲ್, ಮತ್ತು ಆ ಪ್ರೆಶರ್ ಸ್ವಿಚ್ಚೇ. ಸ್ವಿಚ್ಚಿನ ವಯರ್ ಸಾಕೆಟ್ ಬಿಚ್ಚಿದಾಗ ಒಳಗೆ ಎಣ್ಣೆ ಕಂಡರೆ ಅದರ ಪೊರೆ ಹರಿದಿದೆ ಎಂದೇ ಲೆಕ್ಕ. ಎಲ್ಲೂ ಸೋರದಿದ್ದರೆ ಎಂಜಿನ್ನೇ ಕುಡಿಯುತ್ತಿದೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್, ಏರಿನಲ್ಲಿ ಎಳೆಯುವಾಗ ಬಂದರೆ ಪಿಸ್ಟನ್ ರಿಂಗ್ ಸಂಶಯ. ಪ್ರತಿ 500 ಕಿ.ಮೀ.ಗೆ ಕಡ್ಡಿ ನೋಡಿ ಬರೆದಿಡಿ.

ಬೇರಿಂಗಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿಯಿರಿ. ಮಿನುಗುವ ಪುಡಿ ಕಂಡರೆ ಆಯಸ್ಕಾಂತ ತೋರಿಸಿ. ಬೇರಿಂಗಿನ ತಾಮ್ರ, ಅಲ್ಯುಮಿನಿಯಂ ಆಯಸ್ಕಾಂತಕ್ಕೆ ಹತ್ತುವುದಿಲ್ಲ, ಕಬ್ಬಿಣದ ಪುಡಿ ಹತ್ತುತ್ತದೆ. ಹತ್ತದ ಪುಡಿ ಕಂಡರೂ, ಆಕ್ಸಿಲರೇಟರ್ ಕೊಟ್ಟಾಗ ಕೆಳಗಿನಿಂದ ದಪ್ಪ ಸ್ವರದ ಬಡಿತ ಕೇಳಿದರೂ ಚೇಂಬರ್ ಬಿಚ್ಚಿಸಲು ತಡ ಮಾಡಬೇಡಿ. ಆ ಹಂತದಲ್ಲಿ ಬೇರಿಂಗ್ ಸೆಟ್ಟಿನಲ್ಲಿ ಮುಗಿಯುವ ಕೆಲಸ ಮುಂದೆ ಕ್ರ್ಯಾಂಕಿಗೆ ಹೋಗುತ್ತದೆ.

ಪ್ರಶ್ನೆ (ಮುಳ್ಳೇರಿಯ): ತೋಟದ ಮಣ್ಣಿನ ರಸ್ತೆಯಲ್ಲಿ ಮುರಕಲ್ಲಿಗೆ ಕಾರಿನ ಅಡಿ ತಾಗಿತು. ಎಣ್ಣೆ ಒಂದು ಹನಿಯೂ ಸೋರಿಲ್ಲ, ಕಡ್ಡಿಯಲ್ಲೂ ಸರಿಯಾಗಿದೆ. ಆದರೂ ಜೋರಾಗಿ ಓಡಿಸಿದರೆ ದೀಪ ಮಿನುಗುತ್ತದೆ. ಸ್ವಿಚ್ ಬದಲಿಸಿದರೂ ಹೋಗಲಿಲ್ಲ.

ಉತ್ತರ: ಓಡಿಸುವುದನ್ನು ಇವತ್ತೇ ನಿಲ್ಲಿಸಿ. ಪಂಪು ಎಣ್ಣೆ ಎಳೆಯುವ ಜಾಲರಿಗೂ ಚೇಂಬರಿನ ತಳಕ್ಕೂ ನಡುವೆ ಕೆಲವೇ ಮಿಲಿಮೀಟರ್ ಜಾಗ ಇರುತ್ತದೆ. ಕಲ್ಲು ತಾಗಿ ತಗಡು ಒಳಕ್ಕೆ ಬಗ್ಗಿದರೆ ಆ ಜಾಗ ಮುಚ್ಚಿಹೋಗುತ್ತದೆ. ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ತಿರುಗುವಾಗ) ಬೇಕಾಗುವ ಅಲ್ಪ ಎಣ್ಣೆ ಹೇಗೋ ಹೋದೀತು, ಎಂಜಿನ್ ತಿರುಗುವ ವೇಗ (ಆರ್‌ಪಿಎಂ) ಏರಿದಾಗ ಪಂಪಿಗೆ ಸಾಲದು. ಬೇರಿಂಗ್ ಸವೆದ ಎಂಜಿನ್ನಿನಲ್ಲಿ ದೀಪ ಬಿಸಿ ಐಡಲಿನಲ್ಲಿ ಮಿನುಗಿ, ಆಕ್ಸಿಲರೇಟರ್ ಕೊಟ್ಟರೆ ಆರುತ್ತದೆ. ನಿಮ್ಮಲ್ಲಿ ಅದಕ್ಕೆ ತದ್ವಿರುದ್ಧ. ಎಳೆಯುವ ದಾರಿಯೇ ಕಟ್ಟಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಡ.

ಚೇಂಬರ್ ಇಳಿಸಿ ನೋಡಬೇಕು. ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡುವುದರಿಂದ ಜಾಲರಿಯ ಕೊಳವೆ ಬಗ್ಗಿದ್ದರೆ ಗೊತ್ತಾಗುವುದಿಲ್ಲ. ಕೊಳವೆ ಪಂಪಿಗೆ ಸೇರುವಲ್ಲಿ ಓರಿಂಗ್ ಇದ್ದರೆ ಹೊಸದು ಹಾಕಿಸಿ. ಅದು ಸೀಳಿದರೆ ಪಂಪು ಗಾಳಿ ಎಳೆಯುತ್ತದೆ, ಮತ್ತೆ ಅದೇ ದೀಪ. ಚೇಂಬರ್ ಕೂರಿಸುವಾಗ ಸಿಲಿಕಾನ್ ಅಂಟನ್ನು ತೆಳುವಾಗಿ ಒಂದೇ ಎಳೆ ಹಚ್ಚಲು ಹೇಳಿ. ದಪ್ಪ ಹಚ್ಚಿದರೆ ಒಳಕ್ಕೆ ಉಬ್ಬಿದ ತುಂಡು ಕಿತ್ತು ಜಾಲರಿಗೇ ಹೋಗಿ ಕೂರುತ್ತದೆ. ಗ್ಯಾರೇಜಿನಿಂದ ಬಂದ ವಾರದಲ್ಲೇ ದೀಪ ಉರಿಯುವ ಎಷ್ಟೋ ಗಾಡಿಗಳಲ್ಲಿ ಕಾರಣ ಇದುವೇ.

ಪ್ರಶ್ನೆ (ತಾಳವಾಡಿ): ಸತ್ಯಮಂಗಲಕ್ಕೆ ತರಕಾರಿ ಸಾಗಿಸುವ ಪಿಕಪ್ಪಿನಲ್ಲಿ ದಿಂಬಂ ಘಾಟಿಯ ತಿರುವುಗಳಲ್ಲಿ ಮಾತ್ರ ಆಯಿಲ್ ದೀಪ ಒಂದು ಕ್ಷಣ ಉರಿದು ಆರುತ್ತೆ. ಬಯಲಿನಲ್ಲಿ ಏನೂ ಇಲ್ಲ.

ಉತ್ತರ: ಎಣ್ಣೆ ಕಡಿಮೆ ಇದೆ. ಇಳಿಜಾರಿನಲ್ಲಿ ಎಣ್ಣೆ ಚೇಂಬರಿನ ಒಂದು ತುದಿಗೆ ಹರಿಯುತ್ತದೆ, ತಿರುವಿನಲ್ಲಿ ಪಕ್ಕಕ್ಕೂ ನುಗ್ಗುತ್ತದೆ. ಮಟ್ಟ ಕೆಳಗಿನ ಗುರುತಿನ ಹತ್ತಿರ ಇದ್ದರೆ ಆ ಕ್ಷಣ ಜಾಲರಿ ಬರಿದಾಗಿ ಪಂಪು ಗಾಳಿ ಎಳೆಯುತ್ತದೆ. ಇಂಥ 27 ತಿರುವು, ಅದೂ ಹೊರೆ ಹೊತ್ತು. ಒಂದೊಂದು ತಿರುವಿನಲ್ಲೂ ಬೇರಿಂಗ್ ಒಣಗಿ ತಿರುಗುತ್ತದೆ ಎಂದು ತಿಳಿಯಿರಿ. ಹುಲಿ ಸಂರಕ್ಷಿತ ಕಾಡಿನ ನಡುವೆ ಇಳಿದು ಬಾನೆಟ್ ಎತ್ತಿ ನಿಲ್ಲುವ ಜಾಗವೂ ಅದಲ್ಲ. ಹೊರಡುವ ಮೊದಲು ತಾಳವಾಡಿಯಲ್ಲೇ, ತಣ್ಣಗಿರುವ ಎಂಜಿನ್ನಿನಲ್ಲಿ, ಕಡ್ಡಿಯ ಮೇಲಿನ ಗುರುತಿಗೆ ಸರಿಯಾಗಿ ಎಣ್ಣೆ ತುಂಬಿಸಿ. ಗುರುತು ಮೀರಿಸಬೇಡಿ. ಮೀರಿದರೆ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ. ತುಂಬಿದ ಮೇಲೂ ತಿರುವಿನಲ್ಲಿ ಉರಿದರೆ ಸ್ವಿಚ್ಚಿನ ವಯರ್ ಎಲ್ಲಾದರೂ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದೆಯೇ ನೋಡಿಸಿ.

ಪ್ರಶ್ನೆ (ಅಕ್ಕಲಕೋಟೆ): ನಮ್ಮ ಟ್ರ್ಯಾಕ್ಟರ್ ಬಿಸಿಯಾದ ಮ್ಯಾಲ ಸ್ಲೋದಾಗ ಆಯಿಲ್ ಲೈಟ್ ಹತ್ತತಿತ್ತು. ಮಿಸ್ತ್ರಿ 20ಡಬ್ಲ್ಯು-50 ದಪ್ಪ ಎಣ್ಣಿ ಹಾಕ್ಯಾನ, ಈಗ ಹತ್ತೂದಿಲ್ಲ. ಕಬ್ಬಿನ ಸೀಜನ್ ಮುಗಿಯೂತನ ಹಿಂಗ ನಡಸಬಹುದಾ?

ಉತ್ತರ: ದಪ್ಪ ಎಣ್ಣೆ ರೋಗವನ್ನು ವಾಸಿ ಮಾಡಿಲ್ಲ, ಮುಚ್ಚಿದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಸಂದು ಸವೆದು ಹಿಗ್ಗಿದಾಗ, ಬಿಸಿಗೆ ತೆಳುವಾದ ಎಣ್ಣೆ ಬೇಗ ಹರಿದುಹೋಗುತ್ತದೆ. ಐಡಲಿನಲ್ಲಿ ಪಂಪು ನಿಧಾನ ತಿರುಗುವುದರಿಂದ ಆ ಸೋರಿಕೆಯನ್ನು ತುಂಬಲಾರದು. ದಪ್ಪ ಎಣ್ಣೆ ನಿಧಾನ ಸೋರುತ್ತದೆ, ಒತ್ತಡದ ಅಂಕಿ ಏರುತ್ತದೆ, ಸವೆತ ಮಾತ್ರ ಮುಂದುವರಿಯುತ್ತದೆ.

ಮೊದಲು ಅಳತೆ ಮಾಡಿಸಿ. ಪ್ರೆಶರ್ ಸ್ವಿಚ್ ಬಿಚ್ಚಿ ಅದೇ ತೂತಿಗೆ ಮುಳ್ಳಿನ ಗೇಜ್ ತಿರುಗಿಸಿ ಹಾಕುವ ಕೆಲಸ ಅರ್ಧ ಗಂಟೆಯದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲಿನಲ್ಲಿ ಒಮ್ಮೆ, 2000 ಆರ್‌ಪಿಎಂನಲ್ಲಿ ಒಮ್ಮೆ ಅಂಕಿ ಬರೆದುಕೊಂಡು ಕಂಪನಿ ಕೈಪಿಡಿಯ ಅಂಕಿಗೆ ಹೋಲಿಸಿ. ಕೈಪಿಡಿ ಸಿಗದಿದ್ದರೆ ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (0.7 ಬಾರ್) ಎಂಬುದು ಮಿಸ್ತ್ರಿಗಳ ಹಳೆಯ ಲೆಕ್ಕ. ಅಂದಾಜಿಗೆ ಅಷ್ಟು ಸಾಕು. ಅಂಕಿ ಸರಿಯಿದ್ದರೆ ತಪ್ಪು ಸ್ವಿಚ್ಚಿನದು, ಕೆಲವು ನೂರು ರೂಪಾಯಿಯಲ್ಲಿ ಮುಗಿಯಿತು. ಕಡಿಮೆ ಇದ್ದರೆ ಪಂಪು ಮತ್ತು ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವನ್ನು ಮೊದಲು ನೋಡಿಸಿ. ವಾಲ್ವಿನ ಸ್ಪ್ರಿಂಗ್ ಸೋತರೆ ಅಥವಾ ಕಸ ಸಿಕ್ಕಿ ವಾಲ್ವ್ ತೆರೆದೇ ನಿಂತರೆ ಎಣ್ಣೆ ಮತ್ತೆ ಚೇಂಬರಿಗೇ ಬೀಳುತ್ತದೆ, ಬೇರಿಂಗ್ ಚೆನ್ನಾಗಿದ್ದರೂ ಒತ್ತಡ ಸಿಗುವುದಿಲ್ಲ. ಎಣ್ಣೆಗೆ ಡೀಸೆಲ್ ವಾಸನೆ ಇದೆಯೇ ಎಂದೂ ಮೂಸಿ ನೋಡಿ. ಡೀಸೆಲ್ ಬೆರೆತ ಎಣ್ಣೆ ನೀರಿನಂತೆ ತೆಳುವಾಗುತ್ತದೆ.

ಇವೆಲ್ಲ ಸರಿಯಿದ್ದರೆ ಬೇರಿಂಗೇ. ಕ್ರ್ಯಾಂಕು ಇನ್ನೂ ಗೀರಿಲ್ಲದಿದ್ದರೆ ಹೊಸ ಸ್ಟ್ಯಾಂಡರ್ಡ್ ಬೇರಿಂಗ್ ಸೆಟ್ ಸಾಕು. ಗೀರಿದ್ದರೆ ಕ್ರ್ಯಾಂಕು ಸಾಣೆ ಹಿಡಿಸಿ 0.25 ಮಿ.ಮೀ. ಅಂಡರ್‌ಸೈಜ್ ಬೇರಿಂಗ್, ಇನ್ನೂ ಸವೆದಿದ್ದರೆ 0.50 ಹಾಕಬೇಕು. ಹೊಲದ ಕೆಲಸ ನಿಲ್ಲಿಸುವ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಕಬ್ಬಿನ ಟ್ರೇಲರ್ ಎಳೆಯುವಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಎಂಜಿನ್ ಬ್ಲಾಕನ್ನು ಒಡೆದು ಹೊರಬಂದರೆ ಸೀಜನ್ನೂ ಹೋಯಿತು, ಎಂಜಿನ್ನೂ ಹೋಯಿತು. ಗೇಜಿನ ಅಂಕಿ ನೋಡದೆ ಒಂದು ಲೋಡೂ ಎಳೆಯಬೇಡಿ.

ಪ್ರಶ್ನೆ (ಉಪ್ಪಳ): ಬಿಎಸ್-6 ಡೀಸೆಲ್ ಕಾರು. ಎಣ್ಣೆ ಕಡಿಮೆಯಾಗುವ ಬದಲು ಕಡ್ಡಿಯಲ್ಲಿ ಮೇಲೇರುತ್ತಿದೆ! ಮಳೆಗಾಲದಲ್ಲಿ ನೀರು ಸೇರಿತೇ?

ಉತ್ತರ: ಬಣ್ಣ ನೋಡಿ. ನೀರು ಸೇರಿದರೆ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಾಣುತ್ತದೆ. ಹಾಗಿದ್ದರೆ ಸ್ಟಾರ್ಟ್ ಮಾಡಲೇಬಾರದು. (ಎಣ್ಣೆ ತುಂಬಿಸುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದು ಕಡ್ಡಿ ಸ್ವಚ್ಛವಿದ್ದರೆ ಅದು ಮಳೆಗಾಲದ ತೇವ, ದೂರ ಓಡಿಸಿದರೆ ಹೋಗುತ್ತದೆ.) ಬಣ್ಣ ಕಪ್ಪೇ ಇದ್ದು ಡೀಸೆಲ್ ವಾಸನೆ ಬಂದರೆ ಕಾರಣ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್. ಅದರ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತದೆ. ಪೇಟೆಗೆ ಹೋಗಿ ಬರುವ ಸಣ್ಣ ಓಡಾಟದಲ್ಲಿ ಸುಡುವ ಕೆಲಸ ಮತ್ತೆ ಮತ್ತೆ ಅರ್ಧಕ್ಕೆ ನಿಂತು, ಆ ಡೀಸೆಲ್ ಸಿಲಿಂಡರ್ ಗೋಡೆಯಿಂದ ಎಣ್ಣೆಗೆ ಇಳಿಯುತ್ತದೆ. ಮೇಲಿನ ಗುರುತು ದಾಟಿದ್ದರೆ ಕಿಲೋಮೀಟರ್ ಲೆಕ್ಕ ನೋಡದೆ ಎಣ್ಣೆ ಬದಲಿಸಿ, ಡಿಪಿಎಫಿಗೆಂದೇ ಇರುವ ಕಡಿಮೆ ಬೂದಿಯ ದರ್ಜೆ, ಅಂದರೆ ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಿಸಿ. ಡಿಪಿಎಫ್ ದೀಪ ಬಂದಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷದಷ್ಟು ನಿಲ್ಲಿಸದೆ ಓಡಿಸಿ.

ಪ್ರಶ್ನೆ (ಕುಂಬಳೆ): ಸ್ಕೂಟರಿನಲ್ಲಿ ಈ ದೀಪ ಎಲ್ಲಿರುತ್ತದೆ?

ಉತ್ತರ: ಹೆಚ್ಚಿನ ಸ್ಕೂಟರುಗಳಲ್ಲಿ ಇಲ್ಲ. ಒಟ್ಟು ಎಣ್ಣೆಯೇ ಮುಕ್ಕಾಲು ಲೀಟರಿನಷ್ಟು, ಆದ್ದರಿಂದ ತಿಂಗಳಿಗೆ ಎರಡು ಸಲ ಮೈನ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕಡ್ಡಿ ನೋಡಿ. ಕಡ್ಡಿಯನ್ನು ತಿರುಗಿಸಿ ಕೂರಿಸಿ ನೋಡಬೇಕೋ, ಸುಮ್ಮನೆ ಇಟ್ಟು ನೋಡಬೇಕೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೈಪಿಡಿಯಲ್ಲಿ ಬರೆದಿರುತ್ತದೆ.

ಪ್ರಶ್ನೆ (ರಾಯದುರ್ಗ): ಹಳೆಯ ಜೀಪಿನಲ್ಲಿ ಕೀ ಆನ್ ಮಾಡಿದಾಗಲೂ ಆಯಿಲ್ ದೀಪ ಉರಿಯುವುದಿಲ್ಲ. ತೊಂದರೆ ಇಲ್ಲವೆಂದು ಅರ್ಥವೇ?

ಉತ್ತರ: ಇದು ಉರಿಯುವ ದೀಪಕ್ಕಿಂತ ಅಪಾಯ. ಎಂಜಿನ್ ಸ್ಟಾರ್ಟ್ ಆಗುವ ಮೊದಲು ಒತ್ತಡ ಇರುವುದಿಲ್ಲ, ಆದ್ದರಿಂದ ಕೀ ಆನ್ ಆದಾಗ ದೀಪ ಉರಿಯಲೇಬೇಕು. ಪ್ರೆಶರ್ ಸ್ವಿಚ್ಚಿನ ಒಂಟಿ ವಯರ್ ಬಿಚ್ಚಿ, ಕೀ ಆನ್ ಇಟ್ಟು, ಎಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ. ದೀಪ ಉರಿದರೆ ಬಲ್ಬು, ವಯರ್ ಸರಿ, ತಪ್ಪು ಸ್ವಿಚ್ಚಿನಲ್ಲಿ. ಉರಿಯದಿದ್ದರೆ ಬಲ್ಬು, ಫ್ಯೂಸ್, ನಡುವಿನ ವಯರ್ ಹುಡುಕಿ. ಸ್ವಿಚ್ಚನ್ನು ಇತ್ತೀಚೆಗೆ ಬದಲಿಸಿದ್ದರೆ ಬಿಚ್ಚಿ ಅದರ ತಿರುಪಿನ ಎಳೆಗಳನ್ನು ನೋಡಿ: ಒಂಟಿ ವಯರಿನ ಸ್ವಿಚ್ ತನ್ನ ಎಳೆಗಳ ಮೂಲಕವೇ ಅರ್ತ್ ಪಡೆಯುತ್ತದೆ. ಸೋರದಿರಲಿ ಎಂದು ಟೆಫ್ಲಾನ್ ಟೇಪನ್ನು ದಪ್ಪ ಸುತ್ತಿದರೆ ಅರ್ತ್ ತಪ್ಪಿ ದೀಪ ಸತ್ತಂತೆ ಇರುತ್ತದೆ. ಟೇಪ್ ತೆಗೆದು, ಎಳೆಗಳಿಗೆ ತೆಳುವಾಗಿ ಸೀಲಿಂಗ್ ಅಂಟು ಹಚ್ಚಿ ಕೂರಿಸಿ, ಕೀ ಆನ್ ಮಾಡಿ ದೀಪ ಉರಿಯಿತೆಂದು ಖಾತ್ರಿ ಮಾಡಿಕೊಂಡೇ ಸ್ಟಾರ್ಟ್ ಮಾಡಿ.