ಏರ್ ಡ್ರೈಯರ್ ಬುಸುಗುಟ್ಟಿದರೆ: ಲಾರಿ ಮಾಲೀಕರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಹತ್ತು ಚಕ್ರದ ಟಿಪ್ಪರ್. ಏರ್ ಡ್ರೈಯರ್‌ನ ಕೆಳಗಿನ ತೂತಿನಿಂದ ಗಾಳಿ ಬುಸ್ ಎನ್ನುತ್ತಲೇ ಇರುತ್ತದೆ. ಡ್ರೈಯರನ್ನೇ ಬದಲಿಸಬೇಕು ಎನ್ನುತ್ತಾರೆ ಗ್ಯಾರೇಜಿನವರು. ಬದಲಿಸಲೇಬೇಕೆ? (ಟಿಪ್ಪರ್ ಮಾಲೀಕರು, ತುಮಕೂರು)

ಉತ್ತರ: ಅಷ್ಟು ಬೇಗ ದುಡ್ಡು ಸುರಿಯಬೇಡಿ. ಕಂಪ್ರೆಸರ್ ಬ್ರೇಕಿಗೆಂದು ತುಂಬುವ ಗಾಳಿಯ ತೇವ ತೆಗೆಯುವುದು ಏರ್ ಡ್ರೈಯರಿನ ಕೆಲಸ. ಗಾಳಿ ಸೋರುವುದು ಯಾವ ಹೊತ್ತಿನಲ್ಲಿ ಎಂದು ಮೊದಲು ನೋಡಿ. ಗಾಲಿಗಳಿಗೆ ಅಡೆ ಕೊಟ್ಟು, ಎಂಜಿನ್ ಚಾಲೂ ಮಾಡಿ, ಗಾಳಿಯ ಪ್ರೆಶರ್ ತೋರಿಸುವ ಗೇಜಿನ ಮುಳ್ಳಿನ ಮೇಲೆ ಕಣ್ಣಿಡಿ.

ಮುಳ್ಳು ಏರುತ್ತಿರುವಾಗಲೇ ಬುಸುಗುಟ್ಟಿದರೆ, ಆ ತೂತನ್ನು ಮುಚ್ಚಿ ತೆರೆಯುವ ಪರ್ಜ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಕಂಪ್ರೆಸರಿನಿಂದ ಬಂದ ಕಾರ್ಬನ್ ಚೂರು ಸಾಸಿವೆ ಕಾಳಿನಷ್ಟಿದ್ದು ಸೀಟಿಗೆ ಸಿಕ್ಕಿಕೊಂಡರೂ ಸಾಕು. ಸೋರಿಕೆ ಸಣ್ಣದಿದ್ದು ಕಟ್‌ಆಫ್ (ಪ್ರೆಶರ್ ಪೂರಾ ಏರಿ ಗಾಳಿ ತುಂಬುವುದು ನಿಲ್ಲುವುದು) ಆಗುತ್ತಿದೆಯೇ? ಬ್ರೇಕ್ ಪೆಡಲ್ ಒತ್ತಿ ಒತ್ತಿ ಪ್ರೆಶರ್ ಇಳಿಸಿ, ಮತ್ತೆ ಕಟ್‌ಆಫ್ ಆಗಲು ಬಿಡಿ; ಹೀಗೆ ಐದಾರು ಸಲ ಮಾಡಿ. 'ಪಟ್' ಎಂದು ಬಿಡುವ ಗಾಳಿಯ ರಭಸಕ್ಕೇ ಕೆಲವೊಮ್ಮೆ ಕಸ ಹಾರಿಹೋಗುತ್ತದೆ. ಹೋಗದಿದ್ದರೆ ಗಾಳಿ ಪೂರಾ ಖಾಲಿ ಮಾಡಿ, ವಾಲ್ವ್ ಬಿಚ್ಚಿ, ಸೀಟ್ ಒರೆಸಿ, ರಬ್ಬರ್ ಕಿಟ್ ಹಾಕಿಸಿ. ಕಟ್‌ಆಫ್ ಮಾಡಿಸುವ ಗವರ್ನರ್ ಬೇರೆಯಾಗಿ ಇರುವ ಗಾಡಿಯಾದರೆ ಅಲ್ಲಿಂದ ಡ್ರೈಯರಿಗೆ ಬರುವ ಸಣ್ಣ ಪೈಪನ್ನೂ ನೋಡಬೇಕು. ಮುಳ್ಳು ಏರುತ್ತಿರುವ ಹೊತ್ತಿನಲ್ಲಿ ಅದರಲ್ಲಿ ಗಾಳಿ ಬರಕೂಡದು. ಬಂದರೆ ಕೆಟ್ಟಿರುವುದು ಗವರ್ನರ್, ಡ್ರೈಯರ್ ಅಲ್ಲ.

ಕಟ್‌ಆಫ್ ಆದಮೇಲೆ ಅರ್ಧ ನಿಮಿಷದೊಳಗೆ ನಿಲ್ಲುವ ಬುಸುಗುಟ್ಟುವಿಕೆ ದೋಷವಲ್ಲ. ಒಣಗಿದ ಗಾಳಿ ಹಿಮ್ಮುಖವಾಗಿ ಹರಿದು, ಒಳಗಿನ ಹರಳುಗಳು ಹೀರಿದ ತೇವವನ್ನು ಹೊರಗೆ ತಳ್ಳುವ ಸದ್ದು ಅದು. ಈ ಕೆಲಸಕ್ಕೆಂದೇ ಒಣ ಗಾಳಿ ಇಟ್ಟುಕೊಳ್ಳುವ ಪ್ರತ್ಯೇಕ ಪರ್ಜ್ ಟ್ಯಾಂಕ್ ಇಲ್ಲದ ಗಾಡಿಗಳಲ್ಲಿ ಆ ಹೊತ್ತಿಗೆ ಮುಳ್ಳು ಸ್ವಲ್ಪ ಇಳಿದು ನಿಲ್ಲುವುದೂ ಸಹಜವೇ. ಆದರೆ ಎಂಜಿನ್ ಆರಿಸಿದ ಮೇಲೂ ಅದೇ ತೂತಿನಿಂದ ಗಾಳಿ ಹೋಗುತ್ತಿದ್ದು ಮುಳ್ಳು ಇಳಿಯುತ್ತಲೇ ಇದ್ದರೆ, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಡ್ರೈಯರ್‌ನ ನಾನ್ ರಿಟರ್ನ್ ವಾಲ್ವ್ ಟ್ಯಾಂಕಿನ ಗಾಳಿಯನ್ನು ವಾಪಸ್ ಬಿಡುತ್ತಿದೆ ಎಂದು ತಿಳಿಯಿರಿ. ಇದಕ್ಕೂ ಕಿಟ್ ಸಿಗುತ್ತದೆ. ಬಾಡಿ ಬಿರುಕು ಬಿಟ್ಟಿದ್ದರೆ, ಇಲ್ಲವೇ ಒಳಗಿನ ಸೀಟ್ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಮಾತ್ರ ಇಡೀ ಡ್ರೈಯರ್ ಬದಲಿಸಿ.

ಪ್ರಶ್ನೆ: ಬ್ರೇಕ್ ಒತ್ತದಿದ್ದರೂ ಒಂದೆರಡು ನಿಮಿಷಕ್ಕೊಮ್ಮೆ ಡ್ರೈಯರ್ 'ಪಟ್' ಎಂದು ಗಾಳಿ ಬಿಡುತ್ತದೆ. (ಚಾಲಕರು, ಹುಬ್ಬಳ್ಳಿ)

ಉತ್ತರ: ಹೆಚ್ಚಾಗಿ ಡ್ರೈಯರಿನಿಂದ ಮುಂದೆ ಎಲ್ಲೋ ಸೋರಿಕೆ ಇರುತ್ತದೆ. ಕಟ್‌ಆಫ್ ಆದ ಕೂಡಲೇ ಎಂಜಿನ್ ಆರಿಸಿ ಹತ್ತು ನಿಮಿಷ ಮುಳ್ಳು ನೋಡಿ. ಇಳಿಯುತ್ತಿದ್ದರೆ ಪೈಪ್ ಜೋಡಣೆಗಳು, ಬ್ರೇಕ್ ಚೇಂಬರ್, ಹ್ಯಾಂಡ್ ಬ್ರೇಕ್ ವಾಲ್ವ್, ಏರ್ ಸೀಟ್ ಎಲ್ಲಕ್ಕೂ ಸೋಪು ನೀರು ಹಚ್ಚಿ. ಇಳಿಯದಿದ್ದರೆ ಗವರ್ನರ್ ಪರೀಕ್ಷಿಸಿ. ಕಟ್‌ಆಫ್‌ಗೂ ಕಟ್‌ಇನ್‌ಗೂ (ಮತ್ತೆ ಗಾಳಿ ತುಂಬಲು ಶುರುವಾಗುವ ಪ್ರೆಶರ್) ನಡುವೆ ಸುಮಾರು 1 ಬಾರ್ ಅಂತರ ಇರಬೇಕು.

ಪ್ರಶ್ನೆ: ಡ್ರೈಯರ್ ಫಿಲ್ಟರ್ ಬದಲಿಸಿ ನಾಲ್ಕು ತಿಂಗಳಾಗಿಲ್ಲ, ಟ್ಯಾಂಕಿನಲ್ಲಿ ಮತ್ತೆ ನೀರು. ಡ್ರೈನ್ ಉಂಗುರ ಎಳೆದರೆ ಹಾಲು ಹಾಕಿದ ಚಹಾದಂಥದ್ದು ಬರುತ್ತದೆ. (ಲಾರಿ ಮಾಲೀಕರು, ಸುರತ್ಕಲ್)

ಉತ್ತರ: ಆ ಬಣ್ಣವೇ ಕಾರಣ ಹೇಳುತ್ತಿದೆ. ಬರಿ ನೀರಾದರೆ ತಿಳಿಯಾಗಿರುತ್ತದೆ; ಇದರಲ್ಲಿ ಎಣ್ಣೆ ಬೆರೆತಿದೆ. ಫಿಲ್ಟರ್ ಡಬ್ಬಿಯೊಳಗಿನ ಡ್ರೈಯರ್ ಹರಳುಗಳ ಸೂಕ್ಷ್ಮ ರಂಧ್ರಗಳನ್ನು ಎಣ್ಣೆ ಮುಚ್ಚಿಬಿಟ್ಟರೆ ಅವು ತೇವ ಹೀರುವುದಿಲ್ಲ. ಕಂಪ್ರೆಸರ್ ಸರಿಮಾಡದೆ ಎಷ್ಟು ಫಿಲ್ಟರ್ ಹಾಕಿದರೂ ನಾಲ್ಕೇ ತಿಂಗಳು.

ಮೊದಲು ಕಂಪ್ರೆಸರಿಗೆ ಗಾಳಿ ಹೋಗುವ ದಾರಿ ನೋಡಿ. ಏರ್ ಫಿಲ್ಟರ್ ಕಟ್ಟಿದ್ದರೆ ಕಂಪ್ರೆಸರ್ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಆಯಿಲ್ ರಿಟರ್ನ್ ದಾರಿ, ಪಿಸ್ಟನ್ ರಿಂಗ್. ಕಂಪ್ರೆಸರಿನಿಂದ ಡ್ರೈಯರಿಗೆ ಬರುವ ಪೈಪನ್ನು ಬಿಚ್ಚಿ ಟಾರ್ಚ್ ಹಾಕಿ ನೋಡಿ. ಒಳಗೆ ಕಾರ್ಬನ್ ಕಟ್ಟಿ ದಾರಿ ಕಿರಿದಾಗಿದ್ದರೆ ಪೈಪ್ ಬದಲಿಸಿ, ಹೆಡ್ ಕೂಡ ಬಿಚ್ಚಿ ನೋಡಿಸಿ. ಆ ಪೈಪ್ ಡ್ರೈಯರ್ ಕಡೆಗೆ ಇಳಿಜಾರಾಗಿರಬೇಕು, ಮಧ್ಯೆ ನೀರು ನಿಲ್ಲುವಂತೆ ಜೋತುಬಿದ್ದಿರಬಾರದು. ರಿಪೇರಿಗೆಂದು ಕತ್ತರಿಸಿ ಗಿಡ್ಡ ಮಾಡಿದ್ದರೆ ಗಾಳಿ ತಣ್ಣಗಾಗಲು ದೂರವೇ ಸಿಗುವುದಿಲ್ಲ. ಡ್ರೈಯರ್ ಒಳಗೆ ಹೋಗುವ ಗಾಳಿ ಸುಮಾರು 65 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಒಳ್ಳೆಯದು. ಅದಕ್ಕಿಂತ ಬಿಸಿಯಾದಷ್ಟೂ ತೇವ ಆವಿಯಾಗಿಯೇ ದಾಟಿ, ಮುಂದೆ ಟ್ಯಾಂಕಿನಲ್ಲಿ ತಣಿದು ನೀರಾಗುತ್ತದೆ. ನಿಮ್ಮ ಕರಾವಳಿಯ ಮಳೆಗಾಲದಲ್ಲಿ, ಅದೂ ಶಿರಾಡಿ ಘಾಟಿ ಇಳಿಯುತ್ತಾ ಪದೇ ಪದೇ ಬ್ರೇಕ್ ಹಿಡಿಯುವ ಗಾಡಿಗೆ, ಈ ತೊಂದರೆ ಬೇಗ ಕಾಣಿಸುತ್ತದೆ.

ರಿಪೇರಿಯ ನಂತರ ಟ್ಯಾಂಕುಗಳನ್ನು ಪೂರಾ ಖಾಲಿ ಮಾಡಿ ಹೊಸ ಫಿಲ್ಟರ್ ಹಾಕಿಸಿ. ಒಂದು ವಾರ ಬಿಟ್ಟು, ಡ್ರೈಯರಿನ ಮುಂದಿನ ಮೊದಲ ಟ್ಯಾಂಕಿನ ಡ್ರೈನ್ ಕೆಳಗೆ ಬಿಳಿ ಕಾಗದ ಹಿಡಿದು ಉಂಗುರ ಎಳೆಯಿರಿ; ಮುಖ ದೂರವಿರಲಿ. ಕಾಗದ ಒಣಗಿಯೇ ಇರಬೇಕು.

ಪ್ರಶ್ನೆ: ಹಳೆ ಫಿಲ್ಟರ್ ಕತ್ತರಿಸಿ, ಹರಳುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ ಬಳಸಬಹುದೇ? (ಮೆಕ್ಯಾನಿಕ್, ಶಿರಾ)

ಉತ್ತರ: ದಯವಿಟ್ಟು ಬೇಡ. ಆ ಹರಳು ಜಿಯೋಲೈಟ್. ಬಿಸಿಯಿಂದ ಅದರ ತೇವ ಪೂರಾ ಬಿಡಿಸಲು 200 ಡಿಗ್ರಿಗೂ ಮೀರಿದ ಶಾಖ ಬೇಕು. ಬಿಸಿಲಿಗೆ ಆಗದ ಕೆಲಸ. ಸೀಮೆಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ. ಹರಳು ಪುಡಿಯಾದರೆ ಆ ಬಿಳಿ ಹಿಟ್ಟು ಬ್ರೇಕ್ ವಾಲ್ವ್‌ಗಳವರೆಗೂ ಹೋಗಿ ಕೂರುತ್ತದೆ, ಆಮೇಲೆ ಬ್ರೇಕ್ ಬಿಡುವುದು ತಡವಾಗುತ್ತದೆ.

ಹೊಸದು ಹಾಕುವಾಗ ಗಾಲಿಗೆ ಅಡೆ ಕೊಟ್ಟು, ಪರ್ಜ್ ಟ್ಯಾಂಕ್ ಸೇರಿ ಎಲ್ಲ ಟ್ಯಾಂಕುಗಳ ಗಾಳಿ ತೆಗೆಯಿರಿ. ಡಬ್ಬಿಯ ಮೇಲಿನ ಬಾಣದ ಗುರುತು ನೋಡಿಯೇ ಬಿಚ್ಚಿ. ಕೆಲವು ಮಾದರಿಗಳಿಗೆ ಎಡ ಥ್ರೆಡ್ ಇದೆ, ಗೊತ್ತಿಲ್ಲದೆ ಎಳೆದಾಡಿದವರು ಬಾಡಿಯ ಥ್ರೆಡ್ಡನ್ನೇ ಹಾಳು ಮಾಡಿಕೊಳ್ಳುತ್ತಾರೆ. ಸೀಟ್ ಒರೆಸಿ, ಸೀಲಿಗೆ ತೆಳುವಾಗಿ ಗ್ರೀಸ್ ಸವರಿ, ಸೀಲ್ ತಾಕುವವರೆಗೆ ಕೈಯಲ್ಲೇ ತಿರುಗಿಸಿ. ಆಮೇಲೆ ಎಷ್ಟು ಬಿಗಿಯಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಅಷ್ಟೇ ಬಿಗಿಯಿರಿ. ಕಟ್‌ಆಫ್‌ವರೆಗೆ ಗಾಳಿ ತುಂಬಿಸಿ ಸುತ್ತಲೂ ಸೋಪು ನೀರು ಹಚ್ಚಿ ನೋಡಿ.