ಹೇಗೂ ಮನೇಲೇ ಇರ್ತೀರಲ್ಲ ಸಾರ್!

ಮುಂದಿನ ವರ್ಷ ನಿವೃತ್ತಿ ಇದೆ, ರಿಟೈರ್ ಆದವರ ಒಂದು ವಾರ ನಿಜಕ್ಕೂ ಹೇಗಿರುತ್ತದೆ, ಕಿರಿಕಿರಿ ಏನು, ಖುಷಿ ಏನು, ಹೊತ್ತು ಹೋಗುತ್ತಾ ಅಂತ ಕೇಳಿದ್ದೀರಿ. ಹೊತ್ತು ಹೋಗುವ ಬಗ್ಗೆ ಚಿಂತೆ ಬೇಡ, ಧಾರಾಳವಾಗಿ ಹೋಗುತ್ತದೆ. ಯಾರ ಕೆಲಸಕ್ಕೆ ಹೋಗುತ್ತದೆ ಅನ್ನುವುದನ್ನು ಮಾತ್ರ ನೀವು ನೋಡಿಕೊಳ್ಳಬೇಕು.

ನಾನು ಖಜಾನೆ ಇಲಾಖೆಯಲ್ಲಿದ್ದವನು. ಈಗ ಮೈಸೂರಿನ ಕುವೆಂಪುನಗರದಲ್ಲಿ ನಾನು, ಹೆಂಡತಿ ಇಬ್ಬರೇ ಇದ್ದೇವೆ. ಮಗಳು ಬೆಂಗಳೂರಿನಲ್ಲಿ. ತಿಂಗಳಿಗೆ ಸರಿಯಾಗಿ ಪೆನ್ಷನ್ ಬೀಳುತ್ತದೆ, ಬಿಪಿ ಮಾತ್ರೆ ತಪ್ಪಿಸುವುದಿಲ್ಲ, ಮೊಣಕಾಲು ಇನ್ನೂ ಹೇಳಿದ ಮಾತು ಕೇಳುತ್ತಿದೆ. ಇಷ್ಟು ಹಿನ್ನೆಲೆ ಸಾಕು.

ದೊಡ್ಡ ಕಿರಿಕಿರಿ ಅಂದರೆ ಒಂದು ಮಾತು. "ಹೇಗೂ ಮನೇಲೇ ಇರ್ತೀರಲ್ಲ." ಇದನ್ನು ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಅದಕ್ಕೇ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗಲ್ಲ. ಎದುರು ಮನೆಯ ಗಂಡ ಹೆಂಡತಿ ಇಬ್ಬರೂ ಇಲ್ಲೇ ಮೈಸೂರಿನ ಹೆಬ್ಬಾಳದ ಕಡೆ ಕೆಲಸಕ್ಕೆ ಹೋಗುತ್ತಾರೆ. ಒಳ್ಳೆಯ ಮಕ್ಕಳು. ಬೆಳಗ್ಗೆ ಆ ಹುಡುಗಿ ಗೇಟಿನ ಹತ್ತಿರ ಬಂದು, "ಅಂಕಲ್, ಇವತ್ತು ಗ್ಯಾಸ್ ಬರುತ್ತೆ, ಖಾಲಿ ಸಿಲಿಂಡರ್ ಹೊರಗಿಟ್ಟಿದ್ದೀವಿ, ಕೋಡ್ ನಂಬರ್ ನಿಮಗೆ ವಾಟ್ಸಾಪ್ ಮಾಡ್ತೀನಿ" ಅನ್ನುತ್ತಾಳೆ. ಗ್ಯಾಸಿನವನು ಹನ್ನೊಂದಕ್ಕೂ ಬರಬಹುದು, ನಾಲ್ಕಕ್ಕೂ ಬರಬಹುದು. ಅಲ್ಲಿವರೆಗೆ ಸ್ನಾನಕ್ಕೆ ಹೋಗಲೂ ಯೋಚನೆ. ಮಧ್ಯಾಹ್ನ ಕಣ್ಣು ಹತ್ತುವ ಹೊತ್ತಿಗೇ ಗೇಟು ಬಡಿಯುತ್ತಾನೆ. ಕೋಡ್ ಕೇಳುತ್ತಾನೆ. ನಾನು ಕನ್ನಡಕ ಹುಡುಕಿ, ಫೋನ್ ಹುಡುಕಿ, ಬೆಳಗ್ಗೆಯಿಂದ ಬಂದ ಶುಭೋದಯದ ಗುಲಾಬಿ ಹೂಗಳನ್ನೆಲ್ಲ ದಾಟಿ ಆ ನಂಬರ್ ಹುಡುಕುವಷ್ಟರಲ್ಲಿ ಅವನ ಮುಖ ಕೆಂಪಾಗಿರುತ್ತದೆ.

ಕೊರಿಯರ್ ಪೊಟ್ಟಣಗಳದ್ದು ಬೇರೆ ಕಥೆ. ಇಡೀ ರಸ್ತೆಯದ್ದು ನಮ್ಮ ಹಾಲ್‌ನಲ್ಲೇ ಇಳಿಯುತ್ತದೆ. ಏಪ್ರಿಲ್ ಬಂದರೆ ನೆಂಟರಿಷ್ಟರ ಮನೆ ಕಂದಾಯ ನನ್ನ ಪಾಲಿಗೆ. ಆ ತಿಂಗಳು ಕಟ್ಟಿದರೆ ಶೇ. 5 ರಿಯಾಯಿತಿ ಇದೆಯಲ್ಲ, ಆ ಉಳಿತಾಯಕ್ಕೆ ನನ್ನ ಕಾಲು ಖರ್ಚು. ಬಡಾವಣೆ ಪಾರ್ಕಿನಲ್ಲಿ ಲೈಟು ಕೆಟ್ಟರೆ ಅರ್ಜಿ ಬರೆಯುವವನೂ ನಾನೇ. "ಡ್ರಾಫ್ಟಿಂಗ್ ನಿಮ್ದು ಚೆನ್ನಾಗಿರುತ್ತೆ ಸಾರ್" ಅಂತ ಒಂದು ಮಾತು ಸೇರಿಸಿಬಿಡುತ್ತಾರೆ, ಮುಗೀತು.

ಎರಡನೆಯದು ಅವಸರ. ನಮಗೆ ಬೇಕಾದಷ್ಟು ಹೊತ್ತಿದೆ, ಮೆಷಿನ್ನಿಗಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಓಟಿಪಿ ಬರುತ್ತದೆ. ಅದನ್ನು ನೋಡಿಕೊಂಡು ಮತ್ತೆ ಆ್ಯಪ್‌ಗೆ ಬರುವಷ್ಟರಲ್ಲಿ ಮೊದಲ ಮೂರು ಅಂಕಿ ಮಾತ್ರ ನೆನಪಿರುತ್ತದೆ. ಇನ್ನೊಮ್ಮೆ ಹೋಗಿ ಬಂದರೆ "ನಿಮ್ಮ ಸಮಯ ಮುಗಿದಿದೆ" ಅನ್ನುತ್ತದೆ. ನಮ್ಮ ವಯಸ್ಸಿನವರಿಗೆ ಹೇಳುವ ಮಾತಾ ಅದು? ಪಾಸ್‌ಬುಕ್ ಎಂಟ್ರಿ ಹಾಕಿಸೋಣ ಅಂತ ಬ್ಯಾಂಕಿಗೇ ಹೋದರೆ ಅಲ್ಲೂ ಮೆಷಿನ್ನು. ಪುಸ್ತಕ ಒಳಗೆ ತಳ್ಳಬೇಕು, ಅದು ನುಂಗಿ, ಯೋಚನೆ ಮಾಡಿ, ಏನೂ ಬರೆಯದೆ ವಾಪಸ್ ಉಗುಳುತ್ತದೆ. ಕೌಂಟರಿನ ಹುಡುಗ ತಲೆ ಎತ್ತದೆ "ಬಾರ್‌ಕೋಡ್ ಮಾಸಿಹೋಗಿದೆ ಸಾರ್, ಹೊಸ ಸ್ಟಿಕ್ಕರ್ ಹಾಕಿಸ್ಬೇಕು, ನಾಳೆ ಬನ್ನಿ" ಅನ್ನುತ್ತಾನೆ. ನಾಳೆ ಎರಡನೇ ಶನಿವಾರ, ರಜೆ.

ಆದರೂ ಬ್ಯಾಂಕಿಗೆ ಹೋಗುವುದನ್ನು ಪೂರ್ತಿ ಬಿಡಬೇಡಿ. ಎಫ್‌ಡಿ ಇಟ್ಟಿದ್ದರೆ ಬಡ್ಡಿಯ ಲೆಕ್ಕ ನೀವೇ ನೋಡಿಕೊಳ್ಳಬೇಕು. 60 ದಾಟಿದವರಿಗೆ ಬ್ಯಾಂಕಿನ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ತೆರಿಗೆ, ಹಿಡಿಯುತ್ತಾರೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 50,000 ಇತ್ತು. ತೆರಿಗೆ ಬರುವಷ್ಟು ಆದಾಯವೇ ಇಲ್ಲದಿದ್ದರೆ ವರ್ಷದ ಶುರುವಿನಲ್ಲೇ ಒಂದು ಫಾರಂ ಬರೆದುಕೊಡಬೇಕು. ಅದನ್ನು ಯಾರೂ ಕರೆದು ಕೇಳಲ್ಲ.

ನವೆಂಬರ್ ತಿಂಗಳದ್ದು ಸ್ವಲ್ಪ ವಿವರವಾಗಿ ಹೇಳಬೇಕು. ಪೆನ್ಷನ್ ನಿಲ್ಲಬಾರದು ಅಂದರೆ ಆಗ ನಾವೆಲ್ಲ ಬದುಕಿದ್ದೇವೆ ಅಂತ ಸಾಬೀತು ಮಾಡಬೇಕು. ಮೊದಲು ಖುದ್ದಾಗಿ ಹೋಗಿ ಸಹಿ ಹಾಕಿ ಬರುತ್ತಿದ್ದರು. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಅನ್ನುವ ಡಿಜಿಟಲ್ ಜೀವಿತ ಪ್ರಮಾಣಪತ್ರ ಬಂತು, ಬೆರಳಚ್ಚು ಕೊಟ್ಟರೆ ಸಾಕು ಅಂದರು. ಆದರೆ ವಯಸ್ಸಾದಂತೆ ಬೆರಳಿನ ಗೆರೆ ಸವೆಯುತ್ತದೆ. ನಮ್ಮ ಪಕ್ಕದ ರಸ್ತೆಯಲ್ಲಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, 82 ವರ್ಷ. ಜೀವಮಾನವೆಲ್ಲ ಕಬ್ಬಿಣ ಹಿಡಿದ ಕೈ. ಸೈಬರ್ ಸೆಂಟರಿನಲ್ಲಿ ಹತ್ತು ಬೆರಳೂ ಒತ್ತಿದರು, ಒಂದೂ ಹೊಂದಲಿಲ್ಲ. ಅಲ್ಲಿನ ಹುಡುಗ "ತಾತಾ, ಬೆರಳನ್ನ ತಲೆಗೆ ಒರೆಸಿ ಒತ್ತಿ, ಎಣ್ಣೆ ಹತ್ತುತ್ತೆ" ಅಂದ. ಇವರು ಟೋಪಿ ತೆಗೆದು ಬೋಳು ತಲೆ ತೋರಿಸಿದರು.

2021ರಿಂದ ಮುಖ ತೋರಿಸಿಯೂ ಮಾಡಬಹುದು. ಹೋದ ಸಲ ಅವರ ಮನೆಯಲ್ಲೇ, ಜಗುಲಿಯ ಬೆಳಕಿನಲ್ಲಿ ಕೂರಿಸಿ ನನ್ನ ಫೋನಿನಲ್ಲೇ ಮಾಡಿದೆ. ಆಧಾರ್ ಫೇಸ್ ಆರ್‌ಡಿ ಅನ್ನುವ ಆ್ಯಪ್, ಜೀವನ್ ಪ್ರಮಾಣ್ ಆ್ಯಪ್, ಎರಡೂ ಬೇಕು. ಮುಖ ವೃತ್ತದೊಳಗೆ ಬರಬೇಕು, ಕಣ್ಣು ಮಿಟುಕಿಸಬೇಕು. ಮಿಟುಕಿಸಿ ಅಂದರೆ ಇವರು ಎರಡೂ ಕಣ್ಣು ಮುಚ್ಚಿ, ಮಂಗಳಾರತಿ ಹೊತ್ತಿನಲ್ಲಿ ನಿಂತ ಹಾಗೆ ಕೂತುಬಿಟ್ಟರು. ತೆಗೀರಿ ಅಂದರೆ ತೆಗೆದು, ಮತ್ತೆ ಮುಚ್ಚುವುದೇ ಇಲ್ಲ. ಒಳಗಿನಿಂದ ಅವರ ಸೊಸೆ ನಗು ತಡೆಯಲಾರದೆ ಹೊರಗೆ ಬಂದಳು, ಅವಳನ್ನು ನೋಡಿ ಇವರಿಗೂ ನಗು ಬಂತು, ಆ ನಗುವಿನಲ್ಲಿ ಕಣ್ಣು ಮಿಟುಕಿತು. ಹಸಿರು ಬಂತು, ಆಯಿತು. ಮೆಸೇಜೂ ಬಂತು. "ಏನಂತಯ್ಯ ಅದು?" ಅಂದರು. ಪ್ರಮಾಣ್ ಐಡಿ ಅಂದೆ. "ಸರಿ, ಸರ್ಕಾರವೇ ಬದುಕಿದ್ದಾನೆ ಅಂದ ಮೇಲೆ ಕಾಫಿ ಕುಡಿಯೋಣ."

ಕಾಫಿ ಕುಡಿಯುತ್ತಾ ಅವರು ತಮ್ಮ ಲೆಕ್ಕ ಹೇಳಿದರು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ. 20 ಜಾಸ್ತಿ ಸಿಗುತ್ತದೆ. 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರು ತುಂಬಿದರೆ ಶೇ. 100, ಅಂದರೆ ಡಬಲ್. "ಇನ್ನು ಮೂರು ವರ್ಷ ತಳ್ಳಿದ್ರೆ ಮೂವತ್ತು ಪರ್ಸೆಂಟ್ ಕಣಯ್ಯ" ಅಂತ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿದರು. ಈ 80 ದಾಟಿದ ಕೇಂದ್ರದ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಜೀವಿತ ಪ್ರಮಾಣ ಕೊಡಬಹುದು, ನವೆಂಬರಿನ ನೂಕುನುಗ್ಗಲಿಗೆ ಕಾಯಬೇಕಾಗಿಲ್ಲ. ಇದೂ "ಹೇಗೂ ಮನೇಲಿರ್ತೀಯಲ್ಲ" ಅಂತಲೇ ಬಂದ ಕೆಲಸ. ಆದರೆ ಇದಕ್ಕೆ ನಾನಾಗಿ ಹೋಗುತ್ತೇನೆ, ಗ್ಯಾಸಿನ ಲೆಕ್ಕಕ್ಕೆ ಸೇರಿಸಲ್ಲ.

ಖುಷಿಗಳು ಚಿಕ್ಕವು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ. ಸ್ಕೂಟರಿನಲ್ಲಿ ಹೋಗಿ ವಾಕಿಂಗ್ ಮಾಡುವುದು ತಮಾಷೆ, ಗೊತ್ತು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಊರಾಚೆಯ ಹೊಲಗದ್ದೆಗೆ ನೀರಾಗಲಿ ಅಂತ ಕಟ್ಟಿಸಿದ ಕೆರೆ ಈಗ ನಮ್ಮಂಥವರ ಸಕ್ಕರೆ ಇಳಿಸುತ್ತಿದೆ. ಹೆಜ್ಜಾರ್ಲೆಗಳು ಆಕಾಶದಿಂದ ಇಳಿಯುವುದನ್ನು ನೋಡಬೇಕು. ಅಷ್ಟು ದೊಡ್ಡ ಹಕ್ಕಿ, ಕಾಲು ಮುಂದೆ ಚಾಚಿ ನೀರ ಮೇಲೆ ಜಾರಿಕೊಂಡು ಬಂದು, ಕೂತ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಕೊಕ್ಕು ಎದೆಗೆ ಒತ್ತಿಕೊಳ್ಳುತ್ತದೆ. ಸರ್ವಿಸಿನಲ್ಲಿದ್ದಾಗಲೂ ಇವು ಇಲ್ಲೇ ಇದ್ದವು. ನನಗೆ ಹತ್ತು ಗಂಟೆಯ ಹಾಜರಿ ಪುಸ್ತಕ ಇತ್ತು, ಅಷ್ಟೆ.

ಸಕ್ಕರೆ ಅಂದೆನಲ್ಲ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಒಂದು ಸಲ, ತಿಂಡಿ ತಿಂದು ಎರಡು ಗಂಟೆ ಬಿಟ್ಟು ಇನ್ನೊಂದು ಸಲ. ಆ ಎರಡು ಗಂಟೆ ನನಗೆ ಪ್ರಿಯ. ಹೋಟೆಲಿನಲ್ಲಿ ಇಡ್ಲಿ, ಎರಡು ಪತ್ರಿಕೆ, ಪದಬಂಧ, ಯಾರೂ ಏನೂ ಕೇಳಲ್ಲ. ನಾಲ್ಕು ದಿನ ಪಥ್ಯ ಮಾಡಿ ಲ್ಯಾಬಿಗೆ ಹೋಗುವ ಜಾಣರಿಗೆ ಒಂದು ಮಾತು. ಎಚ್‌ಬಿಎ1ಸಿ ಅನ್ನುವ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನೇ ಹೇಳಿಬಿಡುತ್ತದೆ. ಸಂಕ್ರಾಂತಿಯ ಸಿಹಿ ಪೊಂಗಲ್ ಮಾರ್ಚಿನಲ್ಲಿ ಸಿಕ್ಕಿಬೀಳುತ್ತದೆ.

ಮಂಗಳವಾರ ದೇವರಾಜ ಮಾರುಕಟ್ಟೆ. ಮನೆ ಮುಂದೆಯೇ ತರಕಾರಿ ಗಾಡಿ ಬರುತ್ತದೆ, ಆದರೂ ಹೋಗುತ್ತೇನೆ. ಚಳಿಗಾಲದಲ್ಲಿ ಅವರೆಕಾಯಿಗೆ. ಮುಟ್ಟಿದರೆ ಕೈಗೆ ಅಂಟಬೇಕು, ಸೊಗಡು ಮೂಗಿಗೆ ಹೊಡೆಯಬೇಕು. ಮಧ್ಯಾಹ್ನ ಜಗುಲಿಯಲ್ಲಿ ಕೂತು ಕಾಯಿ ಬಿಡಿಸುವುದು, ಕಾಳನ್ನು ರಾತ್ರಿ ನೆನೆಹಾಕುವುದು, ಬೆಳಗ್ಗೆ ಹಿದುಕುವುದು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹದವಾಗಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಜಾಸ್ತಿ ಒತ್ತಿದರೆ ಬೇಳೆ ಸೀದಾ ಸೋಫಾದ ಕೆಳಗೆ. ಒಂದು ಸೇರು ಹಿದುಕಲು ಬೆಳಗ್ಗೆ ಪೂರ್ತಿ ಬೇಕು. ಮುಂಚೆ ಈ ಕೆಲಸವೆಲ್ಲ ಹೆಂಡತಿ ಒಬ್ಬಳೇ ಮಾಡುತ್ತಿದ್ದಳು, ನಾನು ಸಾರು ಉಣ್ಣುತ್ತಿದ್ದೆ.

ಅವಳ ವಿಷಯ ಬಂತು, ಹೇಳಿಬಿಡುತ್ತೇನೆ. ನನ್ನ ವಾರದ ಕಿರಿಕಿರಿ ಕೇಳಿದಿರಿ, ಅವಳ ವಾರದ ಕಿರಿಕಿರಿ ನಾನು. ಮಧ್ಯಾಹ್ನ ಎರಡರಿಂದ ಮೂರು ಅವಳು ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವ ಹೊತ್ತು. ವರ್ಷಗಟ್ಟಲೆ ಆ ಹಾಲ್ ಅವಳದೇ. ಈಗ ಅಲ್ಲಿ ನಾನು ಕಾಲು ಚಾಚಿ ಕೂತಿರುತ್ತೇನೆ. ಅದಕ್ಕೇ ಆ ಹೊತ್ತಿಗೆ ನಾನು ಮಹಡಿ ಹತ್ತುತ್ತೇನೆ, ಗಿಡಗಳಿಗೆ ಬೇಡದಿದ್ದರೂ ನೀರು ಹಾಕುತ್ತೇನೆ. ಡಬ್ಬಗಳಿಗೆ ಚೀಟಿ ಅಂಟಿಸುವ ಯೋಚನೆಯೇನಾದರೂ ನಿಮಗಿದ್ದರೆ ಈಗಲೇ ಬಿಡಿ.

ಬಸ್ಸಿನಲ್ಲಿ ಮಾತ್ರ ಅವಳದೇ ಮೇಲುಗೈ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ. ನಂಜನಗೂಡಿಗೆ ಹೋದರೆ ಅವಳು ಆಧಾರ್ ತೋರಿಸಿ ಝೀರೋ ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕೂರುತ್ತಾಳೆ. ನಾನು ಹಿರಿಯ ನಾಗರಿಕರ ಶೇ. 25 ರಿಯಾಯಿತಿಗೆ ಪರ್ಸಿನಲ್ಲಿ ಕಾರ್ಡು ಹುಡುಕುತ್ತಿರುತ್ತೇನೆ. "ಬಿಡಿ, ನಿಮ್ಮ ಟಿಕೆಟ್ ನಾನೇ ಕೊಡಿಸ್ತೀನಿ" ಅಂತ ಹೋದ ಸಲ ಕಂಡಕ್ಟರ್ ಎದುರಿಗೇ ಅಂದಳು. ರೈಲಿನಲ್ಲಿ ನಮಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಗಂಡಸರಿಗೆ ಶೇ. 40, ಹೆಂಗಸರಿಗೆ 50 ಇತ್ತು. ಪಾರ್ಕಿನ ಕಟ್ಟೆಯಲ್ಲಿ ಆ ವಿಷಯ ಎತ್ತಿದರೆ ಸಾಯಂಕಾಲ ಮುಗಿಯುತ್ತದೆ.

ಇನ್ನು "ಹೇಗೂ ಮನೇಲೇ ಇರ್ತೀರಲ್ಲ" ಅನ್ನುವುದಕ್ಕೆ ನಾನು ಕಂಡುಕೊಂಡ ಮದ್ದು. ವಾರದಲ್ಲಿ ಎರಡು ಮೂರು ಕೆಲಸಕ್ಕೆ ದಿನ, ಗಂಟೆ ಗೊತ್ತುಮಾಡಿ. ಮಾರುಕಟ್ಟೆಯಾಗಲಿ, ಲೈಬ್ರರಿಯಾಗಲಿ, ಸುಮ್ನೆ ಕೆರೆ ಏರಿ ಆಗಲಿ. ಯಾರಾದರೂ ಕೇಳಿದರೆ "ಮಂಗಳವಾರ ನಂಗಾಗಲ್ಲ" ಅನ್ನಿ, ಏನು ಕೆಲಸ ಅಂತ ಹೇಳಬೇಡಿ. ಜನ ತಾವೇ ಏನೋ ದೊಡ್ಡದು ಅಂದುಕೊಳ್ಳುತ್ತಾರೆ. ಎದುರು ಮನೆಯ ಹುಡುಗಿ ಈಗ ಗ್ಯಾಸ್ ಬುಕ್ ಮಾಡುವ ಮುಂಚೆ "ಅಂಕಲ್, ಯಾವತ್ತು ಫ್ರೀ ಇರ್ತೀರಿ?" ಅಂತ ಕೇಳುತ್ತಾಳೆ.

ಒಂದು ಎಚ್ಚರಿಕೆ. ನಿವೃತ್ತಿಯ ದುಡ್ಡು ಬಂದ ಸುದ್ದಿ ಹೇಗೋ ಏನೋ ಕಳ್ಳರಿಗೂ ಮುಟ್ಟುತ್ತದೆ. "ನಿಮ್ಮ ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಮಾಡ್ತೀವಿ, ಓಟಿಪಿ ಹೇಳಿ" ಅಂತ ಫೋನ್ ಬಂದರೆ ಇಟ್ಟುಬಿಡಿ. ವೀಡಿಯೋ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕಿಕೊಂಡು "ಡಿಜಿಟಲ್ ಅರೆಸ್ಟ್" ಅನ್ನುವವರೂ ಇದ್ದಾರೆ. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಅರೆಸ್ಟೇ ಇಲ್ಲ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ನಿಮ್ಮದು ಸರ್ಕಾರಿ ನೌಕರಿಯೋ ಖಾಸಗಿಯೋ ಬರೆದಿಲ್ಲ. ಪಿಎಫ್ ಪೆನ್ಷನ್ ಆದರೆ ನವೆಂಬರ್ ಗಲಾಟೆ ಇಲ್ಲ. ಜೀವಿತ ಪ್ರಮಾಣವನ್ನು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ರಾಜ್ಯ ಸರ್ಕಾರದ್ದಾದರೆ ಕಡತ ಬೆಂಗಳೂರಿನ ಎ.ಜಿ. (ಅಕೌಂಟೆಂಟ್ ಜನರಲ್) ಆಫೀಸಿಗೆ ಹೋಗುವ ಮುಂಚೆಯೇ ನಿಮ್ಮ ಹೆಸರು, ಇನಿಷಿಯಲ್, ಹುಟ್ಟಿದ ದಿನ ಸೇವಾ ಪುಸ್ತಕದಲ್ಲೂ ಆಧಾರ್‌ನಲ್ಲೂ ಒಂದೇ ಥರ ಇದೆಯಾ ನೋಡಿ. ನಿಮ್ಮದಕ್ಕಿಂತ ಮುಖ್ಯವಾಗಿ ಮನೆಯವರದ್ದು. ಮದುವೆಗೆ ಮುಂಚಿನ ಹೆಸರು ಒಂದು ಕಡೆ, ಆಮೇಲಿನದು ಇನ್ನೊಂದು ಕಡೆ ಇದ್ದರೆ ಮುಂದೆ ಕುಟುಂಬ ಪಿಂಚಣಿಗೆ ಅಲೆಯುವವರು ಅವರು. ಕೌಂಟರಿನ ಒಳಗೆ ಕೂತು ಅಂಥ ಕಡತ ಬೇಕಾದಷ್ಟು ನೋಡಿದ್ದೇನೆ. ಇನ್ನೂ ಒಂದು ವರ್ಷ ಇದೆಯಲ್ಲ, ಈ ವಾರವೇ ಅದೊಂದು ತಿದ್ದಿಸಿ.